ಗಾರೆಯಲ್ಲಿ ಮಕ್ಕಳನ್ನು ಆಡಿಸಿದ ಸೆರ್ಪೊಟ್ಟಾ

[ಕ್ಲೋಸ್‌ಅಪ್: ಕಂಬದ ಮೇಲೊಂದು ಪುಟ್ಟ ಹಲ್ಲಿ]

ಈ ಹಲ್ಲಿ ನೋಡಿ. ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಇದು ಒಬ್ಬ ಶಿಲ್ಪಿಯ ಸಹಿ. ಅವನ ಹೆಸರು ಜಾಕೊಮೊ ಸೆರ್ಪೊಟ್ಟಾ. ಇಟಲಿಯ ಭಾಷೆಯಲ್ಲಿ 'ಸೆರ್ಪೆ' ಅಂದರೆ ಹಾವು. ಇಟಲಿಯ ದ್ವೀಪವಾದ ಸಿಸಿಲಿಯ ಆಡುಮಾತಿನಲ್ಲಿ ಹಲ್ಲಿಗೂ ಅದೇ ಬೇರಿನ ಹೆಸರಿದೆ. ಹೆಸರು ಬರೆಯುವ ಬದಲು ಹಲ್ಲಿ ಹತ್ತಿಸಿಬಿಟ್ಟ!

[ಪಲೆರ್ಮೊದ ಹಳೆಯ ಓಣಿಗಳು]

ಹುಟ್ಟಿದ್ದು 1656ರಲ್ಲಿ, ಸಿಸಿಲಿಯ ಪಲೆರ್ಮೊ ಊರಿನಲ್ಲಿ. ಆಗ ಆ ದ್ವೀಪ ಸ್ಪೇನ್ ರಾಜರ ಕೈಯಲ್ಲಿತ್ತು. ಅಪ್ಪನೂ ಶಿಲ್ಪಿಯೇ. ಆದರೆ ಅಪ್ಪನಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆಯಾಯಿತು. ಮಗ ಇನ್ನೂ ಹುಡುಗನಾಗಿರುವಾಗಲೇ ಅಪ್ಪ ತೀರಿಕೊಂಡ.

ಸೆರ್ಪೊಟ್ಟಾ ಕೈಗೆತ್ತಿಕೊಂಡಿದ್ದು ಅಮೃತಶಿಲೆಯನ್ನಲ್ಲ, ಗಾರೆಯನ್ನು. ನಮ್ಮ ದೇವಸ್ಥಾನದ ಗೋಪುರಗಳ ಮೇಲೆ ಗಾರೆ ಗೊಂಬೆಗಳಿರುತ್ತವಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ಕೆಲಸ. ಒಳಗೆ ಮರ, ತಂತಿ, ಚಿಂದಿ ಬಟ್ಟೆ ಕಟ್ಟಿ ಗೊಂಬೆಯ ಎಲುಬುಗೂಡು ಮಾಡಬೇಕು. ಅದರ ಮೇಲೆ ಗಾರೆ ಮೆತ್ತುತ್ತಾ ಮೈ ತುಂಬಿಸಬೇಕು. ಕಲ್ಲಿನಲ್ಲಿ ಬೇಡದ್ದನ್ನು ಕೆತ್ತಿ ತೆಗೆಯುತ್ತಾರೆ, ಇಲ್ಲಿ ಬೇಕಾದ್ದನ್ನು ಮೆತ್ತುತ್ತಾ ಹೋಗುತ್ತಾರೆ. ಅದೂ ಗಾರೆ ಗಟ್ಟಿಯಾಗುವಷ್ಟರಲ್ಲಿ!

ಅವನ ಕೈಚಳಕ ಇದ್ದದ್ದು ಕೊನೆಯ ಪದರದಲ್ಲಿ. ಸುಣ್ಣಕ್ಕೆ ಅಮೃತಶಿಲೆಯ ನುಣ್ಣನೆಯ ಪುಡಿ ಬೆರೆಸಿ, ತೆಳ್ಳಗೆ ಬಳಿದು, ಉಜ್ಜಿ ಉಜ್ಜಿ ಹೊಳಪು ತರುತ್ತಿದ್ದ. ಇದಕ್ಕೆ 'ಅಲ್ಲುಸ್ತ್ರಾತೂರಾ' ಅಂತ ಹೆಸರು. ದೂರದಿಂದ ನೋಡಿದರೆ ಥೇಟ್ ಅಮೃತಶಿಲೆ.

[ಸಾಂತಾ ಚೀತಾ: ಹಿಂದಿನ ಗೋಡೆ, ಕ್ಯಾಮೆರಾ ನಿಧಾನವಾಗಿ ಕೆಳಗೆ]

ಇದು ಸಾಂತಾ ಚೀತಾ ಚರ್ಚಿನ ಪಕ್ಕದ ಪ್ರಾರ್ಥನಾ ಮಂದಿರ. ಭಕ್ತರ ಒಂದು ಸಂಘ ಇಲ್ಲಿ ಸೇರುತ್ತಿತ್ತು. 1680ರ ದಶಕದಲ್ಲಿ ಶುರುವಾದ ಕೆಲಸ, ಬಿಟ್ಟು ಬಿಟ್ಟು 1718ರವರೆಗೆ ನಡೆಯಿತು. ಹಿಂದಿನ ಗೋಡೆಯ ತುಂಬಾ ಒಂದು ದೊಡ್ಡ ಪರದೆ. ಅದೂ ಗಾರೆಯದ್ದೇ. ಅದನ್ನು ಹಿಡಿದು ಎಳೆದಾಡುತ್ತಿರುವವು ಬೆತ್ತಲೆ ಮಕ್ಕಳು. ಒಂದು ಜೋತಾಡುತ್ತಿದೆ, ಇನ್ನೊಂದು ಜಾರುತ್ತಿದೆ. ದೇವರ ಮನೆ ಅನ್ನೋ ಭಯವೇ ಇಲ್ಲ!

ನಡುವೆ ಒಂದು ಸಮುದ್ರ ಯುದ್ಧ ಇದೆ. 1571ರಲ್ಲಿ ಗ್ರೀಸ್ ಕರಾವಳಿಯ ಲೆಪಾಂಟೊದಲ್ಲಿ ಕ್ರೈಸ್ತ ರಾಜ್ಯಗಳ ಹಡಗುಪಡೆ ಟರ್ಕಿಯ ಆಟೊಮನ್ನರನ್ನು ಸೋಲಿಸಿತ್ತು. ಅದರ ಚಿತ್ರಣ ಇದು. ಪುಟ್ಟ ಪುಟ್ಟ ಹಡಗುಗಳು, ಹಗ್ಗಗಳಿಗೆ ತಂತಿ.

ಆದರೆ ನನ್ನ ಕಣ್ಣು ನಿಲ್ಲುವುದು ಅದರ ಕೆಳಗೆ. ಇಬ್ಬರು ಹುಡುಗರು ಕೂತಿದ್ದಾರೆ, ಪಕ್ಕದಲ್ಲಿ ಆಯುಧಗಳು. ಒಬ್ಬ ಗೆದ್ದ ಕಡೆಯವನು, ಇನ್ನೊಬ್ಬ ಸೋತ ಕಡೆಯವನು ಅಂತ ಹೇಳುತ್ತಾರೆ. ಮುಖ ನೋಡಿದರೆ ಗೆದ್ದವನು ಯಾರು ಅಂತ ಗೊತ್ತೇ ಆಗಲ್ಲ. ಇಬ್ಬರದೂ ಸಪ್ಪೆ ಮುಖ. ವಿಜಯದ ಗೋಡೆ ಮಾಡು ಅಂತ ಕೆಲಸ ಕೊಟ್ಟರೆ ಇವನು ಹೀಗೆ ಮಾಡಿಟ್ಟಿದ್ದಾನೆ!

[ಮತ್ತೆ ಹಲ್ಲಿ]

ಆಗಲೇ ತೋರಿಸಿದ ಹಲ್ಲಿ ಇರುವುದು ಇಲ್ಲಲ್ಲ, ಸಾನ್ ದೊಮೆನಿಕೊ ಚರ್ಚಿನ ಹತ್ತಿರದ ಇನ್ನೊಂದು ಪ್ರಾರ್ಥನಾ ಮಂದಿರದಲ್ಲಿ. ಮನೋಬಲ ಎಂಬ ಗುಣಕ್ಕೆ ಹೆಣ್ಣಿನ ರೂಪ ಕೊಟ್ಟಿದ್ದಾನೆ. ಆ ಕಂಬ ಅವಳದ್ದು. ತಲೆಗೆ ಗರಿ ಸಿಕ್ಕಿಸಿಕೊಂಡು ದರ್ಬಾರಿಗೆ ಹೊರಟವಳ ಹಾಗಿದ್ದಾಳೆ.

ಇಷ್ಟಾದರೂ ಇವನ ಹೆಸರು ಹೊರಗೆ ಜಾಸ್ತಿ ಕೇಳಿಬರಲ್ಲ, ಅಲ್ವಾ? ನನಗನಿಸೋದು, ಗಾರೆ ಗೋಡೆಗೆ ಅಂಟಿಕೊಂಡಿರುತ್ತೆ. ಪ್ಯಾರಿಸ್ಸಿಗೋ ಲಂಡನ್ನಿಗೋ ಕಳಿಸಿ ಪ್ರದರ್ಶನ ಇಡೋಕಾಗಲ್ಲ. ಇವನ ಮಾದರಿಯಿಂದ ಎರಕ ಹೊಯ್ದ ಒಂದು ಕಂಚಿನ ಕುದುರೆ ಸವಾರ ಸಿಸಿಲಿಯದೇ ಇನ್ನೊಂದು ಊರಾದ ಮೆಸ್ಸಿನಾದಲ್ಲಿತ್ತು. 1848ರಲ್ಲಿ ಹಾಳಾಯಿತು. ಕಂಚು ಹೋಯಿತು, ಗಾರೆ ಉಳಿಯಿತು.

[ಸಾನ್ ಲೊರೆಂಜೊ ಪ್ರಾರ್ಥನಾ ಮಂದಿರ]

ಇದೂ ಅವನದ್ದೇ ಕೆಲಸ, 1700ರ ಆಸುಪಾಸಿನದ್ದು. ಇಲ್ಲಿ ಇಟಲಿಯ ಹೆಸರಾಂತ ಚಿತ್ರಕಾರ ಕರವಾಜ್ಜೊ ಬರೆದ ಒಂದು ಪೇಂಟಿಂಗ್ ಇತ್ತು. 1969ರ ಅಕ್ಟೋಬರಿನಲ್ಲಿ ಕಳ್ಳರು ಅದನ್ನು ಕದ್ದೊಯ್ದರು. ಇವತ್ತಿಗೂ ಸಿಕ್ಕಿಲ್ಲ. 2015ರಲ್ಲಿ ಆ ಜಾಗಕ್ಕೆ ಒಂದು ನಕಲು ತಂದು ತೂಗುಹಾಕಿದರು. ಅದರ ಸುತ್ತ ಗಾರೆಯ ಮಕ್ಕಳು ಈಗಲೂ ಆಡುತ್ತಲೇ ಇದ್ದಾರೆ.