ಮಂಜಿಗೆ ಜೋತು ಬೀಳದ ನಕ್ಷತ್ರ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದು, ಕಣದಲ್ಲಿ ಕಾಫಿ ಹಣ್ಣು ಹರವಿ, ಸಂಜೆಯಾದರೆ ಅದನ್ನು ರಾಶಿ ಮಾಡಿ ಮುಚ್ಚುವ ಗಡಿಬಿಡಿಯಲ್ಲೇ ಕ್ರಿಸ್‌ಮಸ್ ಬಂದುಬಿಡುತ್ತದೆ. ಯಾರ ಮನೆ ಹಬ್ಬವಾದರೇನು, ಗೇಟಿಗೆ ನಕ್ಷತ್ರ ಕಟ್ಟಲು ನಮ್ಮ ಓಣಿಯ ಮಕ್ಕಳೆಲ್ಲ ಸೇರುತ್ತಾರೆ.

ಮೂರು ವರ್ಷದ ಹಿಂದೆ ಹಳೇ ಪೇಪರಿಗೆ ಬಣ್ಣ ಬಳಿದು, ಮೈದಾ ಅಂಟು ಹಚ್ಚಿ, ದೊಡ್ಡದೊಂದು ನಕ್ಷತ್ರ ಮಾಡಿ ಹೊರಗೆ ತೂಗುಹಾಕಿದೆವು. ಮಡಿಕೇರಿ ಮಂಜು ಗೊತ್ತಲ್ಲ. ಬೆಳಗ್ಗೆ ನೋಡಿದರೆ ಐದು ಮೂಲೆಯೂ ಜೋತು ಬಿದ್ದು, ನೆನೆದ ಕೋಳಿಯ ಹಾಗೆ ನೇತಾಡುತ್ತಿತ್ತು. ಅವತ್ತಿನಿಂದ ನನ್ನ ಲೆಕ್ಕ ಒಂದೇ: ಕಾಗದ ಒಳಗೆ, ಪ್ಯಾಕೆಟ್ಟು ಹೊರಗೆ.

ಕಾಫಿ ಪುಡಿ, ಚಿಪ್ಸ್ ಪ್ಯಾಕೆಟ್ಟಿನ ಒಳಮೈ ನೋಡಿ, ಬೆಳ್ಳಿ ಹಾಗೆ ಹೊಳೆಯುತ್ತದೆ. ಸೀಳಿ, ಸೋಪು ನೀರಲ್ಲಿ ತೊಳೆದು ಒಣಗಿಸಿಟ್ಟುಕೊಳ್ಳಿ. ಒಂದೇ ಉದ್ದದ ಐದು ಬಿದಿರು ಕಡ್ಡಿಯನ್ನು ಒಂದರ ಮೇಲೊಂದು ಹಾಯಿಸಿ ತುದಿ ಕಟ್ಟಿದರೆ ನಕ್ಷತ್ರದ ಚೌಕಟ್ಟು. ಅಂಥವು ಎರಡು ಬೇಕು. ಎರಡನ್ನೂ ಜೋಡಿಸಿ ಐದು ತುದಿ ಬಿಗಿಯಾಗಿ ಕಟ್ಟಿ. ಆಮೇಲೆ ಒಳಗೆ ಕಡ್ಡಿಗಳು ಹಾಯುವ ಐದು ಕಡೆ ಗೇಣುದ್ದದ ತುಂಡು ಸಿಕ್ಕಿಸಿ, ನಕ್ಷತ್ರ ತಾನಾಗಿ ಉಬ್ಬುತ್ತದೆ. ಹೊಳೆಯುವ ಮೈ ಹೊರಗೆ ಬರುವ ಹಾಗೆ ಪ್ಯಾಕೆಟ್ಟು ಹೊದಿಸಿದರೆ ಆಯಿತು. ಇಬ್ಬನಿ ಬಿದ್ದರೆ ಇನ್ನೂ ಚೆಂದ.

ಥರ್ಮೊಕೋಲ್ ತರಲು ಹೋಗಬೇಡಿ. ಅಲಂಕಾರದ ಥರ್ಮೊಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ. ನಮಗೇನು ಕಮ್ಮಿ, ತೋಟದ ತುಂಬ ಸಿಲ್ವರ್ ಓಕ್ ಇದೆ. ಉದುರಿದ ಎಲೆ ಮಗುಚಿದರೆ ಅಡಿಯಲ್ಲಿ ಬೆಳ್ಳಿ ಬಣ್ಣ. ಹಳೇ ಪುಸ್ತಕದ ಒಳಗೆ ನಾಲ್ಕು ದಿನ ಒತ್ತಿಟ್ಟು, ಮದುವೆ ಕಾಗದದ ದಪ್ಪ ರಟ್ಟಿನ ಬಳೆಗೆ ಸುತ್ತಲೂ ಅಂಟಿಸಿ.

ಗಿಡಕ್ಕೆ ತೂಗುಹಾಕುವ ಗಾಜಿನ ಗುಂಡುಗಳಿವೆಯಲ್ಲ, ಅವು 19ನೇ ಶತಮಾನದಲ್ಲಿ ಜರ್ಮನಿಯ ಲೌಷಾ ಅನ್ನುವ ಊರಲ್ಲಿ ಗಾಜು ಊದುವವರ ಕೈಯಿಂದ ಬಂದವು. ನಮಗೆ ಊದಲು ಮೊಟ್ಟೆ ಸಾಕು! ಎರಡೂ ತುದಿಗೆ ದಪ್ಪ ಸೂಜಿಯಿಂದ ತೂತು ಮಾಡಿ, ಹಳದಿ ಒಡೆಯುವ ಹಾಗೆ ಸೂಜಿ ಆಡಿಸಿ, ಒಂದು ಕಡೆಯಿಂದ ಊದಿ. ಒಳಗಿನದು ಆಮ್ಲೆಟ್ಟಿಗೆ, ಚಿಪ್ಪು ಬಣ್ಣಕ್ಕೆ. ತೊಳೆಯಲು ಸೋಪು ಸಾಕು, ಹುಳಿ ಮುಟ್ಟಿಸಬೇಡಿ. ಹುಳಿಗೆ ಚಿಪ್ಪು ಕರಗುತ್ತದೆ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿಯಂತೂ ಬೇಡವೇ ಬೇಡ, ಆಮೇಲೆ ಹಂದಿ ಮಾಂಸದ ಪಂದಿ ಕರಿಗೆ ಏನು ಮಾಡೋಣ ಅಲ್ವಾ? ಸುಟ್ಟುಹೋದ ಹಳೇ ಬಲ್ಬಿಗೂ ಬಣ್ಣ ಬಳಿಯಬಹುದು. ಸುರುಳಿ ಕೊಳವೆಯ ಸಿಎಫ್ಎಲ್ ಬಲ್ಬು ಮಾತ್ರ ಮುಟ್ಟಬೇಡಿ, ಅದರಲ್ಲಿ ಪಾದರಸ ಇರುತ್ತದೆ.

ಕಿತ್ತಳೆ ಬಿಲ್ಲೆ ಎಲ್ಲರಿಗೂ ಇಷ್ಟ. ಬಿಸಿಲು ನಂಬಿ ಕೆಟ್ಟೆ, ಮೂರೇ ದಿನಕ್ಕೆ ಬೂಸ್ಟು. ಈಗ ತೆಳ್ಳಗೆ ಕೊಯ್ದು ಸೌದೆ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇನೆ, ದಿನಕ್ಕೊಮ್ಮೆ ಮಗುಚುತ್ತೇನೆ. ಬೆರಳಲ್ಲಿ ತಟ್ಟಿದರೆ ಟಕ್ ಅನ್ನಬೇಕು, ಅಲ್ಲಿಯವರೆಗೂ ದಾರ ಪೋಣಿಸುವ ಹಾಗಿಲ್ಲ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ನನಗೆ ಅದೂ ಹಿತ.

ಹಬ್ಬ ಕಳೆದ ಮೇಲೆ ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಗೆ ತುಂಬಿ, ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಇದ್ದಿಲು ಇಟ್ಟು, ಬಾಯಿ ಭದ್ರ ಮಾಡುತ್ತೇನೆ. ಮಳೆಗಾಲ ದಾಟಿಸಬೇಕಲ್ಲ. ಈ ಸಲ ತೆಗೆದು ನೋಡಿದೆ, ಎಲ್ಲ ಹೋದ ವರ್ಷದ ಹಾಗೇ ಇತ್ತು. ಒಂದು ಮೊಟ್ಟೆ ಬಿಟ್ಟು. ಅದು ಮೇಜಿನ ಮೇಲಿಟ್ಟ ಐದೇ ನಿಮಿಷಕ್ಕೆ ಬೆಕ್ಕಿನ ಪಾಲಾಯಿತು.