ಎಲೀಯ ಓಡಿದ, ಆಮೇಲೆ ಮಲಗಿದ

ಬೆಳಗಿನ ಜಾವ ಐದು ಗಂಟೆ, ಹಾಫ್ ಮ್ಯಾರಥಾನ್ ಶುರುವಾಗೋ ಜಾಗ. ಮುಂದೆ ನಿಂತವರ ಬೆನ್ನಿನ ಮೇಲೇನಿದೆ ಅಂತ ಓದ್ತಾ ಹೋಗಿ, ಒಂದು ಟೀ ಶರ್ಟ್ ಸಿಕ್ಕೇ ಸಿಗುತ್ತೆ: ಬೈಬಲಿನ ಫಿಲಿಪ್ಪಿ 4:13. ನನ್ನನ್ನು ಬಲಪಡಿಸುವ ಕ್ರಿಸ್ತನಲ್ಲಿ ನಾನು ಎಲ್ಲಕ್ಕೂ ಶಕ್ತ, ಅನ್ನೋ ವಾಕ್ಯ. ಓಡೋ ಕ್ರೈಸ್ತರಿಗೆ ಇದಕ್ಕಿಂತ ಪ್ರಿಯವಾದ ವಾಕ್ಯ ಇಲ್ಲ. ಇದಕ್ಕಿಂತ ತಪ್ಪಾಗಿ ಬಳಸೋ ವಾಕ್ಯಾನೂ ಇಲ್ಲ.

ಅದರ ಮೇಲಿನ ಎರಡು ವಾಕ್ಯ ಓದಿ. ಈ ಪತ್ರ ಬರೆದ ಪೌಲ ಸೆರೆಯಲ್ಲಿದ್ದಾನೆ. ಹೊಟ್ಟೆ ತುಂಬಿದಾಗ ಹೇಗಿರಬೇಕು, ಹಸಿದಾಗ ಹೇಗಿರಬೇಕು, ಎರಡನ್ನೂ ಕಲಿತಿದ್ದೀನಿ ಅಂತಾನೆ. ಅಲ್ಲಿ ಗೆಲುವಿನ ಮಾತೇ ಇಲ್ಲ. ಆ ಟೀ ಶರ್ಟ್ ನಿಜವಾಗಿ ಒಪ್ಪೋದು ಯಾರಿಗೆ ಗೊತ್ತಾ? ಎರಡು ಗಂಟೆ ಹತ್ತು ನಿಮಿಷ ಅಂತ ಲೆಕ್ಕ ಹಾಕಿ ಬಂದು, ಎರಡು ಮೂವತ್ತೊಂದಕ್ಕೆ ಮುಗಿಸಿ, ಆದರೂ ಪಕ್ಕದವರಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಡ್ತಾರಲ್ಲ, ಅವರಿಗೆ.

ನಾನು ಇವತ್ತು ಹೇಳೋದು ಇಷ್ಟೆ. ತಯಾರಿ ಇಲ್ಲದ ಕಾಲಿಗೆ ನಂಬಿಕೆ ಬಲ ತುಂಬಲ್ಲ. ತಯಾರಿ ಮಾಡೋ ತಾಳ್ಮೆಯನ್ನ ತುಂಬುತ್ತೆ. ಸೈತಾನ ಯೇಸುವನ್ನ ದೇವಾಲಯದ ತುದಿಗೆ ಕರ್ಕೊಂಡು ಹೋಗಿ, ಹಾರು, ದೂತರು ಹಿಡಿತಾರೆ ಅಂದ. ಅದಕ್ಕೆ ಕೀರ್ತನೆಯ ವಾಕ್ಯಾನೂ ಜೋಡಿಸಿದ. ಯೇಸು ಕೊಟ್ಟ ಉತ್ತರ, ನಿನ್ನ ದೇವರನ್ನ ಪರೀಕ್ಷೆ ಮಾಡಬೇಡ. ಹಾರೋದ್ಯಾಕೆ, ಇಳಿಯೋಕೆ ಮೆಟ್ಟಿಲಿದೆಯಲ್ಲ! ಹನ್ನೆರಡು ವಾರದ ತರಬೇತಿ ಅನ್ನೋದು ಆ ಮೆಟ್ಟಿಲು. ಮೂರು ವಾರ ಓಡಿ, ಉಳಿದದ್ದು ಕರ್ತನು ನೋಡ್ಕೊಳ್ತಾನೆ ಅಂತ ಹಾಫ್ ಮ್ಯಾರಥಾನಿನ ಪೂರ್ತಿ 21.0975 ಕಿಲೋಮೀಟರಿಗೆ ನಿಲ್ಲೋದು ತುದಿಯಿಂದ ಹಾರಿದ ಹಾಗೆ.

ಮೆಟ್ಟಿಲು ಹೀಗಿರುತ್ತೆ. ಐದಾರು ಕಿಲೋಮೀಟರ್ ನಿಲ್ಲದೆ ಓಡೋಕೆ ಬರುತ್ತೆ ಅಂತಿಟ್ಕೊಳ್ಳಿ. ವಾರಕ್ಕೆ ನಾಲ್ಕು ಓಟ, ಅದರಲ್ಲಿ ಒಂದು ಉದ್ದದ್ದು. ಆ ಉದ್ದದ ಓಟ ವಾರವಾರಕ್ಕೆ 8, 9, 10, ಆಮೇಲೆ ಇಳಿಸಿ 8, ಮತ್ತೆ 11, 13, 14, ಮತ್ತೆ ಇಳಿಸಿ 11, ಆಮೇಲೆ 16, 18, ಕೊನೆಗೆ 12, ಹನ್ನೆರಡನೇ ವಾರ ಸ್ಪರ್ಧೆ. ಇಳಿಸೋ ವಾರಗಳನ್ನ ಹಾರಿಸಿದವರಿಗೆ ಎಷ್ಟೋ ಸಲ ಮೊಣಕಾಲಿನ ಹೊರಬದಿ ಅಥವಾ ಕಣಕಾಲಿನ ಮುಂದಿನ ಮೂಳೆ ನೋಯೋಕೆ ಶುರುವಾಗುತ್ತೆ. ಉಸಿರು, ಎದೆ ಬೇಗ ಪಳಗುತ್ತೆ. ಮೂಳೆ, ಸ್ನಾಯುರಜ್ಜು ನಿಧಾನ. ಆ ಅಂತರದಲ್ಲೇ ಗಾಯ ಆಗೋದು.

ಉದ್ದದ ಓಟ ಎಷ್ಟು ನಿಧಾನ ಇರಬೇಕು? ಗಡಿಯಾರ ಬೇಡ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಯೇಸು ಕಲಿಸಿದ ಪ್ರಾರ್ಥನೆ ಶುರುಮಾಡಿ, ಆಮೆನ್ ತನಕ ಗಟ್ಟಿಯಾಗಿ ಹೇಳಿ. ಒಂದೊಂದು ಸಾಲನ್ನ ನಡುವೆ ಉಸಿರೆಳೆಯದೆ ಮುಗಿಸೋಕಾದರೆ ವೇಗ ಸರಿಯಿದೆ. "ಅನುದಿನದ ಆಹಾರ" ಅನ್ನೋ ಹೊತ್ತಿಗೇ ಏದುಸಿರು ಬಂದರೆ ಜೋರಾಯ್ತು, ಇಳಿಸಿ. ಓಟದ ಕೋಚ್‌ಗಳು ಇದನ್ನೇ ಮಾತಾಡೋ ಪರೀಕ್ಷೆ ಅಂತಾರೆ. ನಮಗೆ ಮಾತು ಸಿದ್ಧವಾಗೇ ಇದೆ.

ಇನ್ನು ಭಾನುವಾರದ ತಕರಾರು. ನಮ್ಮ ಊರುಗಳಲ್ಲಿ ಓಟದ ಸ್ಪರ್ಧೆ ಹೆಚ್ಚಾಗಿ ಇರೋದೇ ಭಾನುವಾರ ಬೆಳಿಗ್ಗೆ, ಆರಾಧನೆಯ ಹೊತ್ತಿಗೇ. ಇಲ್ಲಿ ಎಲ್ಲರಿಗೂ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ನೆನಪಾಗ್ತಾನೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರಿನ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ, ಭಾನುವಾರ ಇದೆ ಅಂತ ಓಡಲಿಲ್ಲ, 400 ಮೀಟರ್ ಓಡಿ 47.6 ಸೆಕೆಂಡಿಗೆ ಚಿನ್ನ ಗೆದ್ದ. ಪ್ರಸಂಗದಲ್ಲಿ ಈ ಕತೆ ಹೇಳುವಾಗ ಒಂದು ವಿವರ ಬಿಟ್ಟುಹೋಗುತ್ತೆ. ವೇಳಾಪಟ್ಟಿ ಅವನಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಆ ತಿಂಗಳುಗಳನ್ನ ಅವನು 400 ಮೀಟರಿನ ತಯಾರಿಗೆ ಬಳಸಿದ. ಬರೀ ಬೇಡ ಅಂದು ಸುಮ್ಮನೆ ಕೂರಲಿಲ್ಲ.

ಎಲ್ಲರೂ ಲಿಡೆಲ್ ಥರ ಭಾನುವಾರ ಓಡಲೇಬಾರದು ಅಂತ ನಾನು ಹೇಳಲ್ಲ. ಕಥೋಲಿಕರಿಗಂತೂ ದಾರಿ ಸುಲಭ. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೆ ಭಾನುವಾರದ ಕಟ್ಟಳೆ ಪೂರೈಸಿದ ಹಾಗೆ, ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ವಿಧಿಯಲ್ಲೇ ಅದಿದೆ. ಸಂಜೆ ಪೂಜೆ, ಏಳೂವರೆಗೆ ಊಟ, ಒಂಬತ್ತೂವರೆಗೆ ನಿದ್ದೆ. ಬೇರೆ ಸಭೆಯವರು ಸಂಜೆಯ ಆರಾಧನೆ ಇದೆಯಾ ಅಂತ ಪಾಸ್ಟರನ್ನ ಮೊದಲೇ ಕೇಳಿಕೊಳ್ಳಿ. ಆದರೆ ಹನ್ನೆರಡು ವಾರವೂ ಉದ್ದದ ಓಟವನ್ನ ಭಾನುವಾರಕ್ಕೆ ಇಟ್ಟುಕೊಂಡು, ಒಂದು ವಾರವೂ ಆರಾಧನೆಗೆ ಹೋಗದೆ, ಆಮೇಲೆ ದೇವರ ಬಲದಿಂದ ಓಡಿದೆ ಅಂತ ಫೋಟೋ ಹಾಕೋದು... ಇರಲಿ ಬಿಡಿ. ಉದ್ದದ ಓಟ ಶನಿವಾರಕ್ಕೆ ತನ್ನಿ. ಭಾನುವಾರ ಕಾಲಿಗೂ ವಿಶ್ರಾಂತಿದಿನ ಆಗುತ್ತೆ. ದಣಿದ ಸ್ನಾಯು ರಿಪೇರಿ ಆಗೋದು ಓಡುವಾಗ ಅಲ್ಲ, ಆ ಬಿಡುವಿನಲ್ಲಿ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ತರಬೇತಿ ಬಿದ್ದರೆ ಬೂದಿ ಬುಧವಾರ, ಶುಭ ಶುಕ್ರವಾರ ಎರಡೂ ಉಪವಾಸದ ದಿನ ಓಟ ಬಿಡಿ, ಬೇಕಿದ್ದರೆ ಅರ್ಧ ಗಂಟೆ ನಡೀರಿ. ನಲವತ್ತು ದಿನವೂ ಮಾಂಸ ಬಿಡೋರು ಕಾಳು, ಮೊಸರು, ಕಡಲೆಕಾಯಿ ಹೆಚ್ಚಿಸಿ. ಹಸಿದ ಹೊಟ್ಟೆಯಲ್ಲಿ ಹದಿನಾರು ಕಿಲೋಮೀಟರ್ ಓಡಿ, ಇದು ನನ್ನ ಉಪವಾಸದ ಕಾಣಿಕೆ ಅನ್ನಬೇಡಿ. ಮಾರ್ಚ್ ಬಿಸಿಲಲ್ಲಿ ತಲೆ ತಿರುಗಿ ಬಿದ್ದರೆ ಆ ಕಾಣಿಕೆಯ ಬಿಲ್ಲು ಮನೆಯವರಿಗೆ ಬರುತ್ತೆ.

ಸ್ಪರ್ಧೆಯ ಬೆಳಿಗ್ಗೆ. ಐದೂವರೆಗೆ ಓಟ ಅಂದರೆ ಮೂರು, ಮೂರೂಕಾಲಕ್ಕೆ ತಿಂದಿರಬೇಕು. ಮೂರು ಇಡ್ಲಿ, ಒಂದು ಬಾಳೆಹಣ್ಣು. ಸಾಂಬಾರ್ ಬದಲು ಸ್ವಲ್ಪ ಸಕ್ಕರೆ, ಯಾಕಂದರೆ ಬೇಳೆ ಎಂಟನೇ ಕಿಲೋಮೀಟರಲ್ಲಿ ಹೊಟ್ಟೆಯೊಳಗೆ ಮಾತಾಡುತ್ತೆ. ತರಬೇತಿಯಲ್ಲಿ ತಿನ್ನದೇ ಇರೋದನ್ನ ಅವತ್ತು ತಿನ್ನಬೇಡಿ. ಮೈಗೆ ತಾಗೋ ಭಕ್ತಿಯ ವಸ್ತುಗಳ ಬಗ್ಗೆಯೂ ಹೇಳಲೇಬೇಕು. ಕೊರಳಿನ ಸರದ ಶಿಲುಬೆ ಒಂದೊಂದು ಹೆಜ್ಜೆಗೂ ಎದೆಮೂಳೆಗೆ ಬಡಿಯುತ್ತೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ ಇದೆ, ಲೆಕ್ಕ ಹಾಕಿ. ಸ್ಕ್ಯಾಪುಲರ್, ಅಂದರೆ ಭಕ್ತಿಗೆ ಕೊರಳಲ್ಲಿ ಹಾಕ್ಕೊಳ್ಳೋ ಬಟ್ಟೆಯ ತುಂಡು, ಬೆವರು ಕುಡಿದು ಒರಟಾಗಿ ಕುತ್ತಿಗೆ ತರಚುತ್ತೆ. ಅದರ ಬದಲು ಪದಕ ಧರಿಸಬಹುದು ಅಂತ 1910ರಲ್ಲೇ ಹತ್ತನೇ ಪಿಯೂಸ್ ಪೋಪರು ಅನುಮತಿ ಕೊಟ್ಟಿದ್ದಾರೆ. ಪದಕವನ್ನ ಬನಿಯನ್ ಒಳಗಡೆ ಪಿನ್ ಹಾಕಿ, ತೊಡೆಸಂದು, ಕಂಕುಳಿಗೆ ವ್ಯಾಸಲೀನ್ ಹಚ್ಚಿ. ಜಪಸರ ಬೇಕೇಬೇಕು ಅನ್ನೋರಿಗೆ ಹತ್ತು ಉಬ್ಬು ಇರೋ ಜಪಸರದ ಉಂಗುರ ಸಿಗುತ್ತೆ. ಬೆರಳಲ್ಲೇ ತಿರುಗುತ್ತೆ, ಜೋತಾಡಲ್ಲ. ಓಡುವಾಗ ಬೆರಳು ಊದುತ್ತೆ, ಹಾಗಾಗಿ ಒಂದು ಸೈಜ್ ದೊಡ್ಡದು ತಗೊಳ್ಳಿ.

ವೇಗ. ಎರಡೂವರೆ ಗಂಟೆ ಗುರಿ ಅಂದರೆ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡ್. ಮೊದಲ ಮೂರನ್ನ 7:20ರಲ್ಲಿ ಓಡಿ. ನಾಲ್ಕರಿಂದ ಹದಿನಾರರ ತನಕ 7:05. ಕೊನೆಯ ಐದು ಕಿಲೋಮೀಟರ್ ಚಿಲ್ಲರೆಗೆ 36 ನಿಮಿಷದ ಹತ್ತಿರ ಕೈಯಲ್ಲಿ ಉಳಿಯುತ್ತೆ. ಎಲ್ಲರೂ ಕೆಡೋದು ಮೊದಲ ಮೂರರಲ್ಲೇ. ಅಜ್ಜನಂಥವರೊಬ್ಬರು ಹಿಂದೆ ಹಾಕಿ ಹೋಗ್ತಾರೆ, ತಡೆಯೋಕಾಗಲ್ಲ, ಬೆನ್ನಟ್ಟಿ 6:30ಕ್ಕೆ ಏರ್ತೀವಿ. ದೀನತೆ ಅನ್ನೋದನ್ನ ಪೀಠದಿಂದ ಎಷ್ಟೋ ಸಲ ಕೇಳಿದ್ದೀವಿ. ಅದಕ್ಕೊಂದು ಅಳತೆ ಬೇಕಿದ್ದರೆ ಇಲ್ಲಿದೆ, 7:06ಕ್ಕೂ 7:20ಕ್ಕೂ ನಡುವಿನ ಹದಿನಾಲ್ಕು ಸೆಕೆಂಡ್.

ಈಗ ಪ್ರಾರ್ಥನೆ. ಕೂತಲ್ಲೇ ನನ್ನ ಜೊತೆ ಮಾಡಿ. ತೊಡೆ ಮೇಲೆ ಎಡಗೈ, ಬಲಗೈ ಒಂದಾದ ಮೇಲೊಂದು ತಟ್ಟಿ, ಅದು ನಿಮ್ಮ ಹೆಜ್ಜೆ. ಉಸಿರು ಎಳ್ಕೊಳ್ತಾ ಮೂರು ಹೆಜ್ಜೆ: ಯೇ, ಸು, ವೇ. ಬಿಡ್ತಾ ಎರಡು ಹೆಜ್ಜೆ: ಕರು, ಣಿಸು. ಬಾಯಲ್ಲಿ ಬೇಡ, ಮನಸ್ಸಲ್ಲಿ. ಐದು ಹೆಜ್ಜೆಗೆ ಒಂದು ಸುತ್ತು. ಐದು ಬೆಸಸಂಖ್ಯೆ, ಹಾಗಾಗಿ ಉಸಿರು ಬಿಡೋಕೆ ಶುರುಮಾಡೋ ಹೆಜ್ಜೆ ಒಂದು ಸಲ ಎಡಗಾಲಿಗೆ, ಮುಂದಿನ ಸಲ ಬಲಗಾಲಿಗೆ ಬೀಳುತ್ತೆ, ಒಂದೇ ಬದಿಗೆ ಕೂರಲ್ಲ. ನಿಮಿಷಕ್ಕೆ 170 ಹೆಜ್ಜೆ ಹಾಕಿದರೆ ಮೂವತ್ನಾಲ್ಕು ಸಲ ಆ ಹೆಸರು. ಕೊನೆಯಲ್ಲಿ ಉಸಿರು ಬಿಗಿಯಾದಾಗ ಎರಡು ಹೆಜ್ಜೆ ಎಳೆದು ಒಂದು ಹೆಜ್ಜೆ ಬಿಡೋದು: ಕರ್, ತ, ನೇ. ಏರು ಬಂದಾಗ ಲೆಕ್ಕ ಬಿಟ್ಟುಬಿಡಿ, ದೇಹ ತನಗೆ ಬೇಕಾದಷ್ಟು ಎಳ್ಕೊಳ್ಳಲಿ. ಇದನ್ನ ಸ್ಪರ್ಧೆಯ ದಿನ ಮೊದಲ ಸಲ ಮಾಡಿದರೆ ತಲೆಸುತ್ತು ಬರಬಹುದು, ಆರು ವಾರ ಅಭ್ಯಾಸ ಬೇಕು.

ಆರಾಧನಾ ಗೀತೆ ಕಿವಿಗೆ ಹಾಕ್ಕೊಂಡು ಓಡೋರಿಗೆ ಒಂದು ಎಚ್ಚರಿಕೆ. ಆ ಹಾಡುಗಳು ನಿಧಾನ ಶುರುವಾಗಿ ಕೋರಸ್ಸಲ್ಲಿ ಉಕ್ಕುತ್ವೆ, ನಿಮ್ಮ ವೇಗಾನೂ ಜೊತೆಗೆ ಉಕ್ಕುತ್ತೆ. ಹದಿನಾಲ್ಕನೇ ಕಿಲೋಮೀಟರ್ ತನಕ ಹಾಡು ಬೇಡ.

ಕಷ್ಟ ಹದಿನೈದರ ನಂತರ ಬರುತ್ತೆ. ಅಲ್ಲಿಗೆ ನಲವತ್ತೈದನೇ ನಿಮಿಷಕ್ಕೊಂದು, ತೊಂಬತ್ತನೇ ನಿಮಿಷಕ್ಕೊಂದು ಜೆಲ್, ಅಂದರೆ ಓಟಗಾರರ ಸಕ್ಕರೆ ಪಾಕದ ಪೊಟ್ಟಣ, ಹೊಟ್ಟೆಗೆ ಹೋಗಿರಬೇಕು, ಎರಡು ಗುಟುಕು ಬರೀ ನೀರಿನ ಜೊತೆ. ಬೆಂಗಳೂರಿನ ಬೆಳಗಿನ ತಂಪಲ್ಲಿ ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. ಮಂಗಳೂರಿನ ಸೆಕೆಯಲ್ಲಿ ಬೆವರು ಆರೋದೇ ಇಲ್ಲ, ಅಲ್ಲಿ ಓಆರ್‌ಎಸ್ ಬೇಕು. ಒಂದು ಲೀಟರಿನ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಅರ್ಧ ಲೀಟರಿಗೆ ಪೂರ್ತಿ ಸುರಿದರೆ ಹೊಟ್ಟೆ ಕೆಡುತ್ತೆ.

ಹದಿನೈದರಿಂದ ಇಪ್ಪತ್ತೊಂದು, ಏಳು ಕಿಲೋಮೀಟರ್. ಏಳು ಜನರ ಹೆಸರು ಬರ್ಕೊಳ್ಳಿ, ನೀವು ಪ್ರಾರ್ಥಿಸಬೇಕಾದವರದ್ದು. ಬಾಲ್ ಪೆನ್ನಲ್ಲಿ ಕೈಮೇಲೆ ಬರೆದರೆ ಬೆವರಿಗೆ ಅಳಿಸುತ್ತೆ. ಆಸ್ಪತ್ರೆಯ ಬಿಳಿ ಟೇಪನ್ನ ಮಣಿಕಟ್ಟಿಗೆ ಸುತ್ತಿ, ಅದರ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಬರೀರಿ. ಒಂದೊಂದು ಕಿಲೋಮೀಟರ್ ಫಲಕ ದಾಟಿದಾಗ ಮುಂದಿನ ಹೆಸರು. ಇಪ್ಪತ್ತೊಂದು ಹೆಸರು ಬರೆಯೋರಿದ್ದಾರೆ. ಬೇಡ, ಮೊದಲರ್ಧಕ್ಕೆ ಅದರ ಅಗತ್ಯ ಇಲ್ಲ. ಇನ್ನೊಂದು ಮಾತು: ಇತ್ತೀಚೆಗೆ ತೀರಿಕೊಂಡವರ ಹೆಸರನ್ನ ಕೊನೆಗೆ ಇಡಬೇಡಿ, ಹದಿನೈದಕ್ಕೆ ಇಡಿ. ಇಪ್ಪತ್ತನೇ ಕಿಲೋಮೀಟರಲ್ಲಿ ಅಳು ಬಂದರೆ ಗಂಟಲು ಬಿಗಿದು ಉಸಿರಿನ ಲಯವೇ ತಪ್ಪುತ್ತೆ.

ನಡೆಯೋದು ನಾಚಿಕೆ ಅಂತ ಅಂದ್ಕೊಂಡಿರೋರು ಯೆಶಾಯ 40:31 ನಿಧಾನಕ್ಕೆ ಓದಿ. ಹದ್ದಿನ ಹಾಗೆ ಏರ್ತಾರೆ, ಓಡಿ ದಣಿಯಲ್ಲ, ನಡೆದು ಬಳಲಲ್ಲ. ಹಾರಾಟ ಮೊದಲು, ಓಟ ಆಮೇಲೆ, ನಡಿಗೆ ಕೊನೆಗೆ. ನನಗೆ ಇದು ಹಾಫ್ ಮ್ಯಾರಥಾನಿನ ಕ್ರಮದ ಹಾಗೇ ಕಾಣುತ್ತೆ. ವೇಳಾಂಗಣ್ಣಿಗೆ ಬೆಂಗಳೂರಿಂದ ಕಾವಿ ಉಟ್ಟು ನಡ್ಕೊಂಡು ಹೋಗೋರ ಕಾಲನ್ನ ಯಾರೂ ಕಡಿಮೆ ಅನ್ನಲ್ಲ. ನೀರಿನ ಮೇಜು ಬಂದಾಗಲೆಲ್ಲ ಮೂವತ್ತು ಸೆಕೆಂಡ್ ನಡೀರಿ.

ನಿಲ್ಲಲೇಬೇಕಾದ ಹೊತ್ತೂ ಇದೆ. ಎದೆನೋವು, ಕಣ್ಣು ಕತ್ತಲೆ, ಬಿಸಿಲಲ್ಲಿ ಮೈ ನಡುಗೋದು, ಗೊಂದಲ, ಒಂದೇ ಬಿಂದುವಿನಲ್ಲಿ ಚುಚ್ಚಿ ಹೆಜ್ಜೆಹೆಜ್ಜೆಗೂ ಹೆಚ್ಚೋ ನೋವು. ಇವಕ್ಕೆ ಪ್ರಾರ್ಥನೆ ಮಾಡ್ತಾ ಓಡಬಾರದು, ನಿಂತು ವೈದ್ಯರನ್ನ ಕರೀಬೇಕು. ಅಮೆರಿಕದ ಓಟಗಾರ ರಯಾನ್ ಹಾಲ್ 2007ರಲ್ಲಿ ಹೂಸ್ಟನ್‌ನಲ್ಲಿ 59 ನಿಮಿಷ 43 ಸೆಕೆಂಡಿಗೆ ಹಾಫ್ ಮುಗಿಸಿದ. ಕೋಚ್ ಯಾರು ಅಂತ ಫಾರಂನಲ್ಲಿ ಕೇಳಿದರೆ ದೇವರು ಅಂತ ಬರೆದ ಮನುಷ್ಯ. ಅವನೂ 2012ರ ಲಂಡನ್ ಒಲಿಂಪಿಕ್ಸ್ ಮ್ಯಾರಥಾನನ್ನ ಅರ್ಧಕ್ಕೇ ಬಿಟ್ಟ. 2016ರಲ್ಲಿ, ದೇಹದ ದಣಿವು ಹೋಗ್ತಾನೇ ಇಲ್ಲ ಅಂತ ನಿವೃತ್ತನಾದ. ಅವನ ನಂಬಿಕೆ ಕಡಿಮೆಯಾಯ್ತು ಅಂತ ಯಾರು ಹೇಳ್ತಾರೆ?

ಕೊನೆಗೆ ಬೈಬಲಿನ ಪ್ರವಾದಿ ಎಲೀಯ. ಕರ್ಮೆಲ್ ಬೆಟ್ಟದಿಂದ ಇಜ್ರೇಲಿನ ತನಕ, ಸುರಿಯೋ ಮಳೆಯಲ್ಲಿ, ನಡುಕಟ್ಟಿಕೊಂಡು, ರಾಜ ಅಹಾಬನ ರಥದ ಮುಂದೆ ಓಡಿದ. ಹಾಫ್ ಮ್ಯಾರಥಾನಿಗಿಂತ ಸ್ವಲ್ಪ ಜಾಸ್ತಿಯೇ ದೂರ. ಯೆಹೋವನ ಹಸ್ತ ಅವನ ಮೇಲಿತ್ತು ಅಂತ ಅರಸುಗಳು ಗ್ರಂಥದಲ್ಲೇ ಇದೆ. ಮುಂದಿನ ಅಧ್ಯಾಯದಲ್ಲಿ ಅದೇ ಮನುಷ್ಯ ಅಡವಿಯ ಒಂದು ಗಿಡದ ಕೆಳಗೆ ಬಿದ್ದು, ಸಾಕು, ನನ್ನ ಪ್ರಾಣ ತೆಗೆದುಕೋ ಅಂತಾನೆ. ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ಎದ್ದು ಊಟ ಮಾಡು ಅಂದ. ಕೆಂಡದ ಮೇಲಿನ ರೊಟ್ಟಿ, ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ.

ಹಾಗಾಗಿ ಓಟ ಮುಗಿಸಿದ ಪದಕ ಕೊರಳಿಗೆ ಬಿದ್ದ ಮೇಲೆ ಹತ್ತು ನಿಮಿಷ ನಡೀರಿ, ತಟ್ಟನೆ ಕೂರಬೇಡಿ, ರಕ್ತದೊತ್ತಡ ಇಳಿದು ತಲೆ ತಿರುಗುತ್ತೆ. ಒಂದು ಗಂಟೆಯೊಳಗೆ ಅನ್ನ, ಮೊಟ್ಟೆ ಅಥವಾ ಬೇಳೆ. ಮಧ್ಯಾಹ್ನ ಮಲಗಿ. ಮರುದಿನ ಮನಸ್ಸು ಕಾರಣವಿಲ್ಲದೆ ಕುಗ್ಗಿದರೆ ಭಕ್ತಿ ಕಮ್ಮಿ ಆಯ್ತು ಅಂದ್ಕೊಬೇಡಿ, ಇನ್ನೊಂದು ಊಟ, ಇನ್ನೊಂದು ನಿದ್ದೆ ಬೇಕು ಅಷ್ಟೆ. ಸ್ಪರ್ಧೆಯ ದಿನ ಸಂಜೆ ಪೂಜೆಗೆ ಹೋಗೋರು ಬೆಂಚಿನ ತುದಿ, ಕಾಲು ಚಾಚೋಕೆ ಜಾಗ ಇರೋ ಕಡೆ ಕೂತ್ಕೊಳ್ಳಿ. ಮೊಣಕಾಲೂರುವಾಗ ತೊಡೆ ಹಿಡ್ಕೊಳ್ಳುತ್ತೆ, ಕಷ್ಟಪಟ್ಟು ಊರಿದರೆ ಏಳೋಕೆ ಪಕ್ಕದವರ ಹೆಗಲು ಬೇಕಾಗುತ್ತೆ. ಕೂತೇ ತಲೆಬಾಗಿ.