ಮಾತಿನ ಮೇಲೆ ಮಾತು: ‘ಹಿಸ್ ಗರ್ಲ್ ಫ್ರೈಡೇ’

ಕೇಳುಗರಿಗೆ ನಮಸ್ಕಾರ.

1940ರ ಜನವರಿಯಲ್ಲಿ ತೆರೆಕಂಡ ‘ಹಿಸ್ ಗರ್ಲ್ ಫ್ರೈಡೇ’ ಹಾಲಿವುಡ್‌ನ ಅತಿ ವೇಗದ ಮಾತಿನ ಚಿತ್ರಗಳಲ್ಲೊಂದು. 92 ನಿಮಿಷದ ಈ ಪ್ರಣಯ ಹಾಸ್ಯದಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ. ಆದರೂ ಕಥೆಗೆ ಬೇಕಾದ ಮಾತೊಂದೂ ತಪ್ಪಿಹೋಗುವುದಿಲ್ಲ. ಇದು ನಟರ ಚುರುಕು ನಾಲಿಗೆಯೊಂದರಿಂದಲೇ ಆದದ್ದಲ್ಲ. ಸಂಭಾಷಣೆಯನ್ನು ಹಾಗೆ ಕಟ್ಟಲಾಗಿದೆ.

ಮೊದಲು ಕಥೆ. ವಾಲ್ಟರ್ ಬರ್ನ್ಸ್ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಸಂಪಾದಕ. ಕ್ಯಾರಿ ಗ್ರಾಂಟ್ ಅಭಿನಯ. ಅವನ ಮಾಜಿ ಹೆಂಡತಿ, ಅವನ ಪತ್ರಿಕೆಯ ಅತ್ಯುತ್ತಮ ವರದಿಗಾರ್ತಿ ಹಿಲ್ಡಿ ಜಾನ್ಸನ್ ಆಗಿ ರೊಸಾಲಿಂಡ್ ರಸೆಲ್. ವಿಮೆ ಮಾರುವ ಸಾಧು ಮನುಷ್ಯ ಬ್ರೂಸ್‌ನನ್ನು ಮದುವೆಯಾಗಿ ಆಲ್ಬನಿಗೆ ಹೋಗುತ್ತೇನೆಂದು ಹೇಳಲು ಅವಳು ಕಚೇರಿಗೆ ಬರುತ್ತಾಳೆ. ವಾಲ್ಟರ್ ಅವಳನ್ನು ಹೋಗಗೊಡುವುದಿಲ್ಲ. ಪೊಲೀಸನೊಬ್ಬನನ್ನು ಗುಂಡಿಟ್ಟು ಕೊಂದು ಮರುದಿನ ಗಲ್ಲಿಗೇರಬೇಕಾದ ಅರ್ಲ್ ವಿಲಿಯಮ್ಸ್‌ನ ಸಂದರ್ಶನ ಮಾಡಿಕೊಟ್ಟರೆ ಬ್ರೂಸ್‌ನಿಂದ 1,00,000 ಡಾಲರಿನ ಜೀವವಿಮೆ ಕೊಳ್ಳುತ್ತೇನೆಂದು ಒಪ್ಪಂದವಾಗುತ್ತದೆ. ಅಲ್ಲಿಂದ ಮುಂದೆ ಅವಳಿಗೆ ರೈಲುಗಳು ಒಂದೊಂದಾಗಿ ತಪ್ಪುತ್ತವೆ.

ಮೂಲ ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್ ಬರೆದ 1928ರ ನಾಟಕ ‘ದಿ ಫ್ರಂಟ್ ಪೇಜ್’. ಅದರಲ್ಲಿಯೂ, 1931ರ ಮೊದಲ ಚಿತ್ರದಲ್ಲಿಯೂ ಹಿಲ್ಡಿ ಗಂಡಸು. ನಿರ್ದೇಶಕ ಹೊವಾರ್ಡ್ ಹಾಕ್ಸ್ ಆ ಪಾತ್ರವನ್ನು ಹೆಣ್ಣಾಗಿಸಿದರು, ಚಿತ್ರಕಥೆಗಾರ ಚಾರ್ಲ್ಸ್ ಲೆಡರರ್ ಅವರಿಬ್ಬರಿಗೆ ವಿಚ್ಛೇದನವಾಗಿದೆ ಎಂಬುದನ್ನು ಕಥೆಯೊಳಕ್ಕೆ ತಂದರು. ಈ ಬದಲಾವಣೆಯೇ ಚಿತ್ರದ ಜೀವಾಳ. ಸಂಪಾದಕನೊಬ್ಬ ಒಳ್ಳೆಯ ವರದಿಗಾರನನ್ನು ಬಿಡಲೊಲ್ಲದ ಜಗಳ, ಪ್ರೀತಿಸಿದವಳನ್ನು ಬಿಡಲಾರದ ಗಂಡನ ಜಗಳವೂ ಆಯಿತು.

ಈಗ ಮಾತಿನ ಕಟ್ಟೋಣಕ್ಕೆ ಬರೋಣ. ಹಾಕ್ಸ್ ಅನುಸರಿಸಿದ ಕ್ರಮ ಸರಳ. ವಾಕ್ಯದ ಆರಂಭದಲ್ಲಿ ‘ನೋಡು, ನನಗನ್ನಿಸುತ್ತೆ’ ಎನ್ನುವಂಥ ಬಿದ್ದುಹೋದರೂ ನಷ್ಟವಿಲ್ಲದ ಒಂದೆರಡು ಪದ, ಕೊನೆಯಲ್ಲೂ ಅಂಥವೇ ಒಂದೆರಡು, ತಿರುಳು ನಡುವೆ. ಮುಂದಿನ ನಟ ಆ ಕೊನೆಯ ಪದಗಳ ಮೇಲೆಯೇ ಮಾತು ಶುರುಮಾಡುತ್ತಾನೆ. ಹಾಗಾಗಿ ಒಂದರ ಮೇಲೊಂದು ಬೀಳುವುದೆಲ್ಲ ಜೊಳ್ಳು, ಕಾಳು ಉಳಿಯುತ್ತದೆ. ಈ ಅಂಚು ಇಲ್ಲದ ವಾಕ್ಯಗಳನ್ನು ಸುಮ್ಮನೆ ಬೇಗ ಬೇಗ ಆಡಿದರೆ ಸದ್ದು ಮಾತ್ರ ಕೇಳುತ್ತದೆ. ಎದುರಿನವರ ವಾಕ್ಯ ಮುಗಿಯಲೆಂದು ಕಾದರಂತೂ ಎರಡು ಮಾತುಗಳ ನಡುವಿನ ಸಣ್ಣ ಮೌನ ವೇಗವನ್ನೆಲ್ಲ ನುಂಗಿಹಾಕುತ್ತದೆ.

ಧ್ವನಿಮುದ್ರಣವೂ ಸುಲಭವಿರಲಿಲ್ಲ. ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ದನಿ ಹಿಡಿದು ಆಮೇಲೆ ಬೆರೆಸುವ ಸೌಲಭ್ಯ ಆಗಿನ್ನೂ ಇರಲಿಲ್ಲ. ಸೆಟ್ಟಿನ ಮೇಲೆ ಹಲವು ಮೈಕ್‌ಗಳನ್ನು ತೂಗುಹಾಕಿ, ಯಾರ ಮಾತು ಮುಖ್ಯವೋ ಅವರ ಮೈಕನ್ನು ಆ ಕ್ಷಣಕ್ಕೆ ತೆರೆದು ಉಳಿದವನ್ನು ಮುಚ್ಚುತ್ತಿದ್ದರು. ಒಂದು ದೃಶ್ಯದಲ್ಲಿ 35 ಬಾರಿಯವರೆಗೂ ಹೀಗೆ ಮಾಡಿದ್ದುಂಟು. ಒಬ್ಬ ನಟ ಅರೆಗಳಿಗೆ ತಡೆದರೂ ಇಡೀ ಟೇಕ್ ಹಾಳು. ಒಂದೇ ಟ್ರ್ಯಾಕ್‌ನಲ್ಲಿ ಹೆಣೆದುಕೊಂಡ ದನಿಗಳನ್ನು ಕತ್ತರಿಸಿ ಬಿಡಿಸಲಾಗುವುದಿಲ್ಲವಲ್ಲ.

ಇದರ ತುತ್ತತುದಿ ಪತ್ರಕರ್ತರ ಕೊಠಡಿಯಲ್ಲಿದೆ. ತಪ್ಪಿಸಿಕೊಂಡ ಕೈದಿ ವಿಲಿಯಮ್ಸ್ ಮೇಜಿನೊಳಗೆ ಅಡಗಿದ್ದಾನೆ. ವಾಲ್ಟರ್ ಫೋನಿನಲ್ಲಿ ಮುಖಪುಟ ಬದಲಿಸುತ್ತಿದ್ದಾನೆ: ಹಿಟ್ಲರನ ಸುದ್ದಿಯನ್ನು ನಗೆಚಿತ್ರಗಳ ಪುಟಕ್ಕೆ ತಳ್ಳು, ಹುಂಜದ ಸುದ್ದಿ ಮಾತ್ರ ಮುಟ್ಟಬೇಡ ಅನ್ನುತ್ತಾನೆ. ಹಿಲ್ಡಿ ಟೈಪ್ ಮಾಡುತ್ತಿದ್ದಾಳೆ. ಬ್ರೂಸ್ ಪಕ್ಕದಲ್ಲಿ ನಿಂತು, ಒಂಬತ್ತರ ರೈಲಿಗೆ ಹೊರಟೆ ಎನ್ನುತ್ತಿದ್ದಾನೆ. ಮೂರೂ ಮಾತು ನಮಗೆ ಕೇಳುತ್ತವೆ. ಅವಳಿಗೆ ಬ್ರೂಸ್‌ನದು ಕೇಳುವುದಿಲ್ಲ. ಅವಳು ಯಾರನ್ನು ಆರಿಸಿಕೊಂಡಳೆಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಹಾಲಿವುಡ್ಡಿನ ಪ್ರೇಮದೃಶ್ಯಗಳಲ್ಲಿ ಇದಕ್ಕಿಂತ ನಿಖರವಾದುದು ವಿರಳ.

ಎಲ್ಲವೂ ಓಟವಲ್ಲ. ಹಿಲ್ಡಿ ಜೈಲಿನಲ್ಲಿ ವಿಲಿಯಮ್ಸ್‌ನನ್ನು ಮಾತಾಡಿಸುವಾಗ ದನಿ ತಗ್ಗುತ್ತದೆ, ಮಾತು ನಿಧಾನವಾಗುತ್ತದೆ. ಬಂದೂಕು ಇರುವುದು ಯಾತಕ್ಕೆ ಎಂದು ಅವನ ಬಾಯಿಂದಲೇ ಹೇಳಿಸುತ್ತಾಳೆ. ಅವಳು ಎಂಥ ವರದಿಗಾರ್ತಿ ಎಂಬುದು ತಿಳಿಯುವುದು ಈ ನಿಧಾನದಲ್ಲಿ. ಹಿನ್ನೆಲೆ ಸಂಗೀತವೂ ಚಿತ್ರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಬಾನುಲಿ ನಾಟಕ ಬರೆಯುವವರಿಗೆ ಒಂದು ಮಾತು. ಈ ಕ್ರಮವನ್ನು ಕನ್ನಡಕ್ಕೆ ಹಾಗೆಯೇ ತಂದರೆ ಕೆಡುತ್ತದೆ. ‘ನಾನು ಆ ರೈಲಿಗೆ ಬರ್ತೀನಿ’, ‘ನಾನು ಆ ರೈಲಿಗೆ ಬರಲ್ಲ’ — ಒಪ್ಪಿಗೆ, ನಿರಾಕರಣೆ ಎರಡೂ ತುದಿಯ ಕ್ರಿಯಾಪದದಲ್ಲಿವೆ. ಅದರ ಮೇಲೆಯೇ ಇನ್ನೊಂದು ದನಿ ಬಿದ್ದರೆ ಅರ್ಥ ಮುಳುಗುತ್ತದೆ. ಕ್ರಿಯಾಪದವನ್ನು ಮುಂದಕ್ಕೆ ತನ್ನಿ: ‘ಇಲ್ಲ ಇಲ್ಲ, ಬರಲ್ಲ ನಾನು, ಆ ರೈಲಿಗಂತೂ...’ ‘ಆ ರೈಲಿಗಂತೂ’ ಎನ್ನುವಾಗ ಎದುರು ಪಾತ್ರ ಬಾಯಿ ಹಾಕಲಿ. ಇಬ್ಬರ ದನಿಯೂ ಒಂದೇ ಮಟ್ಟದ್ದಾಗಿರದಂತೆ ನಟರನ್ನು ಆರಿಸಿಕೊಳ್ಳಿ.

ಅಮೆರಿಕದಲ್ಲಿ ಚಿತ್ರದ ಹಕ್ಕು ನವೀಕರಣವಾಗದ್ದರಿಂದ ಸವೆದ ಪ್ರತಿಗಳು ಎಷ್ಟೋ ಓಡಾಡುತ್ತಿವೆ. ಅವುಗಳಲ್ಲಿ ಹಿನ್ನೆಲೆಯ ದನಿಗಳು ಕಲಸಿಹೋಗಿರುತ್ತವೆ. 2017ರಲ್ಲಿ ಹಳೆಯ ಚಿತ್ರಗಳನ್ನು ಡಿಸ್ಕ್‌ನಲ್ಲಿ ತರುವ ಕ್ರೈಟೀರಿಯನ್ ಸಂಸ್ಥೆ ಹೊರತಂದ ಆವೃತ್ತಿ ಸ್ಪಷ್ಟವಾಗಿದೆ, 1931ರ ಚಿತ್ರವೂ ಅದರ ಜೊತೆಗಿದೆ. ಮೊದಲ ಸಲ ಅಡಿಬರಹ ಇಟ್ಟುಕೊಂಡು ನೋಡಿ. ಎರಡನೆಯ ಸಲ ಅದನ್ನು ತೆಗೆದು, ಪತ್ರಕರ್ತರ ಕೊಠಡಿಯಲ್ಲಿ ಇಸ್ಪೀಟು ಆಡುವ ವರದಿಗಾರರ ಮಾತಿಗೂ ಕಿವಿಗೊಡಿ.